ಬಟ್ಟಲಿಗೆ ಸುರಿದ ಸ್ಕ್ರೂಗಳು

ಲ್ಯಾಪ್‌ಟಾಪ್ ಕೆಡಿಸಿದ್ದು ನನ್ನ ಮೊಮ್ಮಗಳಲ್ಲ, ನಾನು.

ಆಗ ನಾವು ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಈಗ ಅದನ್ನು ಕೆಡವಿದ್ದಾರೆ. ಅಲ್ಲಿನ ತಣ್ಣನೆಯ ಸಿಮೆಂಟು ನೆಲ ನನ್ನ ಕಾಲಿಗೆ ಇನ್ನೂ ನೆನಪಿದೆ. ಕಾಲೇಜಿಗೆ ಹೋಗುತ್ತಿದ್ದ ಮೊಮ್ಮಗಳು ಒಳಗಿನ ಫ್ಯಾನಿನ ಧೂಳು ತೆಗೆಯುತ್ತೇನೆಂದು ಅದೇ ನೆಲದ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಯಾವುದು ಎಲ್ಲಿಯದೆಂದು ತಿಳಿಯಲು ಸ್ಕ್ರೂಗಳನ್ನು ಕಾಗದದ ಮೇಲೆ ಸಾಲಾಗಿ ಇಟ್ಟಿದ್ದಳು. ಫೋನು ಬಂತೆಂದು ಎದ್ದುಹೋದಳು. ದೀಪ ಹಚ್ಚುವ ಹೊತ್ತು. ಕಸ ಗುಡಿಸದೆ ದೀಪ ಹಚ್ಚುವವಳಲ್ಲ ನಾನು. ಎಲ್ಲವನ್ನೂ ಬಾಚಿ ಒಂದು ಬಟ್ಟಲಿಗೆ ಸುರಿದೆ.

“ಅಜ್ಜೀ, ಯೇ ಕ್ಯಾ ಕಿಯಾ! ಇದೇನು ಸಾಸಿವೇನಾ, ಒಟ್ಟಿಗೆ ಹಾಕೋಕೆ?”

“ಸ್ಕ್ರೂ ಅಂದ್ರೆ ಸ್ಕ್ರೂ. ಹಾಕು ಸುಮ್ನೆ.”

ಅಂದಾಜಿನ ಮೇಲೆ ಹಾಕಿದಳು. ಕೀಬೋರ್ಡ್ ಕೆಲಸ ನಿಲ್ಲಿಸಿತು. ಆಫೀಸಿನಿಂದ ಬಂದ ನನ್ನ ಮಗ, “ದೊಡ್ಡ ಇಂಜಿನಿಯರ್ ನೀನು! ಇನ್ಮೇಲೆ ಮುಟ್ಟಿದ್ರೆ ನೋಡು,” ಎಂದು ಸ್ಕ್ರೂಡ್ರೈವರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಹುಡುಗಿ ನನ್ನ ಹೆಸರು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಆಮೇಲೆ ಅವಳು ಅಡುಗೆಮನೆಗೆ ಬಂದು, “ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹೋಗಿದೆ ಅಜ್ಜಿ, ಒಳಗಿಂದ ಕೀಬೋರ್ಡನ್ನ ಒತ್ತುತ್ತಿದೆ. ಒಂದ್ಸಲ ಬಿಚ್ಚಿದ್ರೆ ಸಾಕು. ಪಪ್ಪಾ ಬಿಡಲ್ಲ,” ಎಂದಳಷ್ಟೇ.

ಮರುದಿನ ಬೆಳಿಗ್ಗೆ ಮಗನಿಗೆ ಕಾಫಿ ಕೊಡುತ್ತಾ, “ಸ್ಕ್ರೂ ಬೆರೆಸಿದ್ದು ನಾನು ಕಣೋ. ಬೀಗದ ಕೈ ಕೊಡು,” ಎಂದೆ. ಕನ್ನಡಕ ಹಾಕಿಕೊಂಡು ಮೊಮ್ಮಗಳ ಪಕ್ಕ ಕೂತು, ಅವಳು ಬಿಚ್ಚಿಬಿಚ್ಚಿ ಕೊಟ್ಟ ಸ್ಕ್ರೂಗಳಲ್ಲಿ ಉದ್ದದ್ದನ್ನೂ ಗಿಡ್ಡದ್ದನ್ನೂ ಬೇರೆ ಮಾಡಿದೆ.