ನಾನು ಚೆಲ್ಲದ ಕಟ್ಟು

ಅತ್ತಿಗೆ, ಅಣ್ಣನ ಕೊನೆಯ ದಿನಗಳಲ್ಲಿ ನಿಮಗೆ ಗೊತ್ತಾಗದಂತೆ ಅವನಿಗೆ ಕಟ್ಟಿನ ಸಾರು ಉಣ್ಣಿಸಿದವಳು ನಾನು. ಸೊಪ್ಪು, ಹುರುಳಿಕಾಳು ಬೇಯಿಸಿ ಬಸಿದ ನೀರು — ನೀವು ಚೆಲ್ಲು ಎಂದಿದ್ದ ನೀರು — ಅದನ್ನು ನಾನು ಚೆಲ್ಲಲಿಲ್ಲ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆಯುವುದು ಸುಲಭವಲ್ಲ. ಆದರೆ ಬಾಯಿಬಿಟ್ಟು ಹೇಳಲು ಹೊರಟಾಗಲೆಲ್ಲ ನಿಮ್ಮ ಮುಖ ನೋಡಿ, ಮಳೆಯ ಮಾತೋ ಮದುವೆಯ ಮಾತೋ ಆಡಿ ಎದ್ದು ಬಂದಿದ್ದೇನೆ.

ಎಂಬತ್ತರ ದಶಕದ ಕೊನೆ ಅದು. ಅಣ್ಣನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ, ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರುತ್ತಿದ್ದ. ನ್ಯಾಮತಿ ಪೇಟೆಯ ಹೊಲಿಗೆ ಅಂಗಡಿಯಲ್ಲಿ ಅವನ ಜಾಗಕ್ಕೆ ನೀವು ಕೂತಿರಿ. ಮಧ್ಯಾಹ್ನದ ಅಡುಗೆಗೆಂದು ಚನ್ನಗಿರಿಯ ಗಂಡನ ಮನೆಯಿಂದ ನಾನು ಬಂದು ನಿಮ್ಮಲ್ಲೇ ಉಳಿದೆ.

ಬಂದ ದಿನವೇ ನೀವು ಒಲೆಯ ಮುಂದೆ ನಿಂತು ತೋರಿಸಿದಿರಿ. ತರಕಾರಿ ಸಣ್ಣಗೆ ಹೆಚ್ಚಿ ನೆನೆಹಾಕಬೇಕು, ಹೆಚ್ಚು ನೀರಿಟ್ಟು ಬೇಯಿಸಬೇಕು, ಬಸಿದ ನೀರು ಚೆಲ್ಲಬೇಕು. "ಡಾಕ್ಟ್ರು ಒತ್ತಿ ಒತ್ತಿ ಹೇಳ್ಯಾರೆ ಗಿರಿಜಾ. ಕಟ್ಟು ಮಾತ್ರ ಅವರ ಬಾಯಿಗೆ ಹೋಗಬಾರದು." ನಾನು ತಲೆಯಾಡಿಸಿದೆ. ಆದರೆ ಮನಸ್ಸು ಒಪ್ಪಲಿಲ್ಲ. ಬಾಣಂತಿಗೆ, ಜ್ವರ ಬಿಟ್ಟವರಿಗೆ ನಮ್ಮವ್ವ ಕೊಡುತ್ತಿದ್ದದ್ದೇ ಕಟ್ಟಿನ ಸಾರು. ಕಾಳಿನ ಕಸುವೆಲ್ಲ ನೀರಿಗೆ ಇಳಿದಿರುತ್ತದೆ ಎಂದು ಕೇಳಿ ಬೆಳೆದವಳು ನಾನು. ಅದನ್ನು ಬಚ್ಚಲಿಗೆ ಸುರಿದು, ಬರೀ ಸಿಪ್ಪೆಯನ್ನು ಅಣ್ಣನ ತಟ್ಟೆಗೆ ಹಾಕುವುದೇ?

ಅವನೋ ದಿನದಿನಕ್ಕೆ ಇಳಿಯುತ್ತಿದ್ದ. "ನೋಡೇ ಗಿರಿಜಿ, ನಾನೇ ಹೊಲಿದ ಅಂಗಿ. ಈಗ ಒಳಗೆ ನಾನು ಅದೀನೋ ಇಲ್ಲೋ ಅಂತ ಕೈಹಾಕಿ ಹುಡುಕಬೇಕು" ಎಂದು ನಗುತ್ತಿದ್ದ. ಹೊನ್ನಾಳಿಯಿಂದ ನೋಡಲು ಬಂದ ದೊಡ್ಡಮ್ಮ ಅಡುಗೆಮನೆಗೆ ಇಣುಕಿ, ನಿಮ್ಮ ತವರೂರನ್ನು ಎತ್ತಿ, "ಬಿಳಿಚೋಡಿನಾಕೆ ಅಲ್ವಾ? ಅವರೂರಾಗೆ ಕುಡಿಯಾಕೆ ನೀರಿಲ್ಲ, ಇಲ್ಲಿ ಬಂದು ಕಟ್ಟು ಚೆಲ್ತಾಳೆ. ಗಂಡನ್ನ ಸಪ್ಪೆ ಹಾಕೇ ಒಣಗಿಸಿಬಿಟ್ಲು" ಎಂದಳು. ನಾನೂ ಒಳಗೊಳಗೆ ಹೌದೆಂದುಕೊಂಡೆ.

ಮರುದಿನ ಬಸಿದ ನೀರನ್ನು ಪಕ್ಕಕ್ಕಿಟ್ಟೆ. ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಸಾರು ಮಾಡಿ ಅವನಿಗೆ ಬಡಿಸಿದೆ. ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟ ಅಣ್ಣ ಕಣ್ಣು ಮುಚ್ಚಿಕೊಂಡ. "ಅವ್ವನ ಕೈ ಸಾರು ಕಣೇ ಇದು. ನಿಮ್ಮತ್ತಿಗೆ ಬರೋದ್ರೊಳಗೆ ಪಾತ್ರೆ ತೊಳೆದುಬಿಡು. ಕತ್ತರಿ ಹಿಡ್ಕಂಡು ಬಂದಾಳು!" ಇಬ್ಬರೂ ನಕ್ಕೆವು. ಪಾತ್ರೆ ತೊಳೆದಿಟ್ಟೆ. ಮತ್ತೆ ಮಾಡಿದೆ — ಮತ್ತೆ ಮಾಡಿದೆ. ಅವನು ತಟ್ಟೆ ಖಾಲಿ ಮಾಡುವುದನ್ನು ನೋಡುವ ಆಸೆ...

ಆಮೇಲೆ ಒಂದು ಬೆಳಿಗ್ಗೆ ಅವನ ಕಾಲು ನಿಲ್ಲಲಿಲ್ಲ. ಎದೆ ಎಲ್ಲೋ ತಪ್ಪಿ ಬಡಿಯುತ್ತಿದೆ ಎಂದ. ಸಿಕ್ಕ ಗಾಡಿಯಲ್ಲಿ ಹಾಕಿಕೊಂಡು ಹೋದೆವು. ಯಂತ್ರದ ಹತ್ತಿರ ಒಯ್ಯುವಷ್ಟರಲ್ಲಿ ಮುಗಿದಿತ್ತು. ಡಾಕ್ಟರು ಹೊರಗೆ ಬಂದು ಕೇಳಿದರು: ಊಟಕ್ಕೆ ಏನು ಕೊಟ್ಟಿದ್ದಿರಿ? ಸೊಪ್ಪು ಕಾಳುಗಳಲ್ಲಿರುವ ಒಂದು ಲವಣ ಬೇಯಿಸಿದ ನೀರಿಗೆ ಇಳಿಯುತ್ತದೆ, ಕಿಡ್ನಿ ಇಲ್ಲದವರ ಮೈಯಲ್ಲಿ ಅದು ಉಳಿದುಕೊಂಡು ಹೃದಯವನ್ನೇ ನಿಲ್ಲಿಸುತ್ತದೆ ಎಂದರು.

"ನೀವು ಹೇಳ್ದಂಗೇ ಮಾಡೀವ್ರೀ. ನೀರು ಚೆಲ್ಲೇ ಮಾಡೀವಿ. ಕೇಳ್ರಿ ಬೇಕಾದ್ರೆ ಇವಳನ್ನ" ಎಂದು ನೀವು ನನ್ನ ಕಡೆ ತಿರುಗಿದಿರಿ.

"ಹೌದ್ರೀ" ಎಂದೆ.

ಅದೊಂದೇ ಮಾತು. ಮಣ್ಣು ಮಾಡಿ ಬಂದ ಮೇಲೆ ದೊಡ್ಡಮ್ಮ ಎಲ್ಲರ ಮುಂದೆ, ಗಂಡನನ್ನು ಹೊಟ್ಟೆಗೆ ಹಾಕದೆ ಕೊಂದಳು ಎಂದಾಗಲೂ ನಾನು ಗೋಡೆ ನೋಡುತ್ತ ಕೂತಿದ್ದೆ. ನೀವು ಹೊಲಿಗೆ ಯಂತ್ರ ಕಟ್ಟಿಕೊಂಡು ಬಿಳಿಚೋಡಿಗೆ ಹೋದಿರಿ. ಬಸ್ಸಿನ ತನಕ ಬಂದ ನಾನು ಅಲ್ಲಿಯೂ ಹೇಳಲಿಲ್ಲ.

ಆ ಸಾರೇ ಕೊಂದಿತೋ, ರೋಗವೋ — ಈಗ ಯಾರೂ ಹೇಳಲಾರರು. ಆ ಮಾತಿನ ಹಿಂದೆ ನಾನು ಬಹಳ ವರ್ಷ ಅಡಗಿದ್ದೇನೆ. ಇನ್ನು ಅಡಗಲಾರೆ. ಯಾಕೆಂದರೆ ಹೋದ ತಿಂಗಳು ನೀವು ನಮ್ಮ ಮನೆಗೆ ಬಂದಾಗ, ನಾನು ಸೊಪ್ಪು ಬಸಿಯುತ್ತಿದ್ದೆ, ನೀವು ಆ ಪಾತ್ರೆಯನ್ನೇ ನೋಡುತ್ತ ಕೂತಿದ್ದಿರಿ. ಆಮೇಲೆ ಮೆಲ್ಲಗೆ ಅಂದಿರಿ: "ಡಾಕ್ಟ್ರು ಹೇಳ್ದಂಗೆ ಚೆಲ್ಲಿದ್ರೂ ಉಳೀಲಿಲ್ಲ. ಒಂದೆರಡು ಸಲನಾದ್ರೂ ಕಟ್ಟು ಕೊಟ್ಟಿದ್ರೆ ಅವರು ಉಳೀತಿದ್ರೇನೋ ಗಿರಿಜಾ. ನಾನೇ ಚೆಲ್ಲಿಸಿಬಿಟ್ಟೆ."

ಆಗಲೂ ನಾನು ಮಳೆಯ ಮಾತೆತ್ತಿದೆ.

ನಾಳೆ ಬಿಳಿಚೋಡಿಗೆ ಬರುತ್ತೇನೆ. ಇದನ್ನು ನಿಮ್ಮೆದುರು ಕೂತು ನಾನೇ ಓದುತ್ತೇನೆ. ಆಮೇಲೆ ಹೊನ್ನಾಳಿಗೆ ಹೋಗಿ, ಅಂದು ನಿಮ್ಮನ್ನು ಅಂದವರ ಮನೆಯಲ್ಲೂ ಓದುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊರಗಿನ ಕಟ್ಟೆಯ ಮೇಲೆ ಕೂತು, ಒಳಗೆ ಕೇಳುವಂತೆ ಗಟ್ಟಿಯಾಗಿ ಓದುತ್ತೇನೆ.

ಅತ್ತಿಗೆ, ನೀವು ಚೆಲ್ಲು ಅಂದದ್ದು ಸರಿಯಾಗಿತ್ತು. ಚೆಲ್ಲದವಳು ನಾನು.