ಡಬ್ಬಿಯ ತಳದಲ್ಲಿದ್ದ ಹೆಸರು

ಪುಸ್ತಕ ಬರೆದವರಿಗೆ ಓದುಗರ ಅಭಿಪ್ರಾಯದ ಚಿಂತೆ ಇರುವುದಿಲ್ಲ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ನನ್ನ ಮೊದಲ ಕಾದಂಬರಿ ಅಚ್ಚಾಗಿ ಬಂದ ವಾರ ನಾನು ನಂಜನಗೂಡಿನ ಪೇಟೆಯಲ್ಲಿ ಹೂ ಕೊಳ್ಳುವಾಗಲೂ ಹೂವಿನವಳ ಮುಖವನ್ನೇ ನೋಡುತ್ತಿದ್ದೆ, ಈಕೆ ಓದಿರಬಹುದೇನೋ ಅಂತ. ಮುಖ ನೋಡುತ್ತಾ ಮೊಳ ಹಾಕುವ ಕೈಯನ್ನು ನೋಡಲಿಲ್ಲ. ಮನೆಗೆ ಬಂದು ನೋಡಿದರೆ ಎರಡು ಮೊಳ ಅಂತ ಕೊಟ್ಟದ್ದು ಒಂದೂವರೆ ಮೊಳವೂ ಇರಲಿಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು ನಾನು. ಸುಮ್ಮನೆ ಇರಲಾರದೆ ಒಂದು ಸಾಂಸಾರಿಕ ಪತ್ತೇದಾರಿ ಕಾದಂಬರಿ ಬರೆದೆ. ಅದರಲ್ಲಿ ಕೊಲೆ ಇಲ್ಲ, ಪೊಲೀಸರೂ ಇಲ್ಲ. ವಿಮಲ, ಗಿರಿಜ ಅಂತ ಅಕ್ಕಪಕ್ಕದ ಮನೆಯ ಇಬ್ಬರು ಗೆಳತಿಯರು. ವಿಮಲನ ಗಂಡ ಒಂದು ದಿನ ಹೇಳದೆ ಕೇಳದೆ ಮನೆ ಬಿಟ್ಟು ಹೋಗುತ್ತಾನೆ. ಗಿರಿಜ ದಿನಾ ಬಂದು ಸಮಾಧಾನ ಹೇಳುತ್ತಾಳೆ. ಹದಿನೆಂಟು ಅಧ್ಯಾಯ ಕಳೆದ ಮೇಲೆ ವಿಮಲ ಗೆಳತಿಯ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಡಬ್ಬಿಯನ್ನು ತಿರುಗಿಸಿ ನೋಡಿದರೆ ತಳದಲ್ಲಿ ತನ್ನ ತಾಯಿಯ ಹೆಸರು! ಒಳಗೆ ಗಂಡ ತನಗೆ ಬರೆದಿಟ್ಟು ಹೋಗಿದ್ದ, ಗಿರಿಜ ಬಚ್ಚಿಟ್ಟಿದ್ದ ಕಾಗದ. ಕೊನೆಯನ್ನೇ ಹೇಳಿಬಿಟ್ಟಳಲ್ಲ ಅಂತೀರಾ? ನಮ್ಮೂರಿನಲ್ಲಿ ಅದು ಗೊತ್ತಿಲ್ಲದವರು ಯಾರೂ ಉಳಿದಿಲ್ಲ. ಪುಸ್ತಕದ ಹೆಸರು ಮಾತ್ರ ಹೇಳುವುದಿಲ್ಲ, ಹೇಳಿದರೆ ಪ್ರಚಾರಕ್ಕೆ ಪ್ರಬಂಧ ಬರೆದಳು ಅಂತ ನೀವೇ ಆಡಿಕೊಳ್ಳುತ್ತೀರಿ.

ಮೊದಲ ಅಭಿಪ್ರಾಯ ಬಂದದ್ದು ಎದುರುಮನೆಯ ಪುಟ್ಟಮ್ಮಣ್ಣಿಯಿಂದ. ಪುಸ್ತಕ ಕೊಟ್ಟು ಹತ್ತು ನಿಮಿಷವಾಗಿರಲಿಲ್ಲ, ಗೇಟಿನ ಹತ್ತಿರ ಬಂದು, "ಕೊನೇ ಪುಟ ಓದ್ಬುಟ್ಟೆ ಕಣವ್ವ. ಈಗ ಮನ್ಸು ನಿರಾಳ ಆಯ್ತು, ನಿಧಾನ್ವಾಗಿ ಮೊದ್ಲಿಂದ ಓದ್ತೀನಿ" ಅಂದರು. ಎರಡು ವರ್ಷ ಹೆಣೆದ ಗುಟ್ಟು ಹತ್ತು ನಿಮಿಷಕ್ಕೆ ಮುಗಿದುಹೋಯಿತಲ್ಲ ಅಂತ ನನಗೆ ಅಳು ಬಂತು. ಆಮೇಲೆ ಯೋಚಿಸಿದರೆ ಆಕೆಯದೇ ಸರಿ ಅನಿಸಿತು. ನಮ್ಮ ಹಿರಿಯರು ಹರಿಕಥೆಗೆ ಕೂರುತ್ತಿದ್ದರಲ್ಲ, ಯಾರು ಗೆಲ್ಲುತ್ತಾರೆ, ಯಾರು ಸೋಲುತ್ತಾರೆ ಅಂತ ಅವರಿಗೆ ಗೊತ್ತಿಲ್ಲದೆ ಕೂರುತ್ತಿದ್ದರೆ? ಎಲ್ಲ ಗೊತ್ತಿದ್ದೂ ಕಣ್ಣೊರೆಸಿಕೊಳ್ಳುತ್ತಿದ್ದರು. ಹಳಗನ್ನಡದ ಕವಿಗಳು ಕಥೆಯ ಸಾರವನ್ನು ಪೀಠಿಕೆಯಲ್ಲೇ ಹೇಳಿ ಮುಗಿಸುತ್ತಿದ್ದರು. ಹಾಗೆ ನೋಡಿದರೆ ಪುಟ್ಟಮ್ಮಣ್ಣಿ ನಮ್ಮ ಪರಂಪರೆಗೆ ಸೇರಿದ ಓದುಗರು, ಆಚೆಯವಳು ನಾನೇ.

ಪಕ್ಕದ ಬೀದಿಯಲ್ಲಿರುವ, ತಾಲ್ಲೂಕು ಕಚೇರಿಯ ನಿವೃತ್ತ ಶಿರಸ್ತೇದಾರರು ಎರಡು ಹಾಳೆ ತುಂಬ ಆಕ್ಷೇಪಣೆ ಬರೆದು ತಂದರು. ಕಾಣೆಯಾದ ಗಂಡನ ಜಮೀನನ್ನು ನಾನು ಎರಡೇ ವರ್ಷದಲ್ಲಿ, ಸತ್ತವರ ಆಸ್ತಿಯಂತೆ, ವಿಮಲನ ಹೆಸರಿಗೆ ಪೌತಿ ಖಾತೆ ಮಾಡಿಬಿಟ್ಟಿದ್ದೆ. ಸತ್ತ ದಾಖಲೆ ಇಲ್ಲದೆ ಅದು ಹೇಗಾಯಿತು, ಪಹಣಿಯಲ್ಲಿ ಆಕೆಯ ಹೆಸರು ಕೂರಿಸಿದವರು ಯಾರು ಅಂತ ಅವರು ನನ್ನನ್ನೇ ವಿಚಾರಣೆಗೆ ನಿಲ್ಲಿಸಿದರು. ಗೆಳತಿ ಗೆಳತಿಗೆ ಮಾಡಿದ ಮೋಸದ ಬಗ್ಗೆ ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ. ಸುತ್ತೂರಿನಿಂದ ಒಬ್ಬ ಟೀಚರಮ್ಮ ಫೋನ್ ಮಾಡಿ, ಏಳನೆಯ ಅಧ್ಯಾಯದಲ್ಲಿ ಗಿರಿಜ ಹುರುಳಿಕಾಳಿನ ಬಸ್ಸಾರಿಗೆ ಬೆಳ್ಳುಳ್ಳಿ ಹಾಕದೇ ಇದ್ದಾಗಲೇ ಇವಳು ಸರಿಯಿಲ್ಲ ಅಂತ ಗೊತ್ತಾಯಿತು ಅಂದರು. ಬೆಳ್ಳುಳ್ಳಿಯನ್ನು ನಾನು ಬರೆಯಲು ಮರೆತಿದ್ದೆ, ಅಷ್ಟೆ. ಎಂಥ ಸೂಕ್ಷ್ಮ ಓದು ಅಂತ ಹೊಗಳಿ ಫೋನಿಟ್ಟೆ.

ಆದರೆ ನಾನು ಕಿವಿ ನೆಟ್ಟು ಕಾಯುತ್ತಿದ್ದ ಅಭಿಪ್ರಾಯ ಒಂದೇ, ಮಂಗಳನದು. ಸರ್ವಮಂಗಳ ನನಗೆ ಬಿ.ಎಡ್. ಹಾಸ್ಟೆಲಿನಿಂದ ಗೆಳತಿ. ಊರು ಮೂಗೂರು, ಮದುವೆಯಾಗಿ ಹೋದದ್ದು ಟಿ. ನರಸೀಪುರಕ್ಕೆ. ಎಷ್ಟೋ ವರ್ಷದಿಂದ ಪ್ರತಿ ಭಾನುವಾರ ತಿಂಡಿ ಮುಗಿಸಿ ಫೋನ್ ಮಾಡುತ್ತಾಳೆ. ಬಾಣಂತನದಲ್ಲಿ, ನನ್ನ ಯಜಮಾನರು ತೀರಿಕೊಂಡ ವಾರದಲ್ಲಿ, ಆ ಫೋನ್ ತಪ್ಪಿದ್ದಿಲ್ಲ. ಪುಸ್ತಕದ ಮೊದಲ ಪ್ರತಿಯನ್ನೇ ಅವಳಿಗೆ ಕಳಿಸಿದ್ದೆ. ಆಮೇಲೆ ಒಂದು ಭಾನುವಾರ ಫೋನ್ ಬರಲಿಲ್ಲ. ಎರಡನೆಯದೂ ಬರಲಿಲ್ಲ. ಮೂರನೆಯ ಭಾನುವಾರ ನಾನೇ ಮಾಡಿದರೆ, "ಒಲೆ ಮೇಲೆ ಹಾಲಿಟ್ಟಿದೀನಿ" ಅಂತ ಇಟ್ಟುಬಿಟ್ಟಳು. ವಾರ ಕಳೆದರೂ ತಿರುಗಿ ಮಾಡಲಿಲ್ಲ. ಯಾವ ಹಾಲು ಒಂದು ವಾರ ಕಾಯುತ್ತದೆ ಹೇಳಿ.

ಗಿರಿಜನಲ್ಲಿ ತನ್ನನ್ನು ಕಂಡಳೇನೋ ಅಂತ ಪುಸ್ತಕ ತೆಗೆದು ಸಾಲುಸಾಲಾಗಿ ನೋಡಿದೆ. ಗಿರಿಜ ಕಾಫಿ ಆರಿಸುವ ರೀತಿ ಮಂಗಳನದು, "ಹೋಗ್ಲಿ ಬಿಡು" ಅನ್ನುವ ಮಾತೂ ಅವಳದೇ. ಪಾತ್ರಕ್ಕೆ ಜೀವ ಬರಲಿ ಅಂತ ಹಾಕಿದ್ದೆ. ಅರವತ್ತು ದಾಟಿದ ಮೇಲೆ ಹೊಸ ಗೆಳತಿಯನ್ನು ಎಲ್ಲಿಂದ ತರಲಿ? ಕಾದಂಬರಿ ಬರೆಯದಿದ್ದರೆ ಲೋಕಕ್ಕೆ ಏನು ನಷ್ಟವಾಗುತ್ತಿತ್ತು ಅಂತ ನನ್ನನ್ನು ನಾನೇ ಬೈದುಕೊಂಡೆ.

ಈ ನಡುವೆ ನಮ್ಮೂರಿನಲ್ಲಿ ಇನ್ನೊಂದು ರಾದ್ಧಾಂತ ಶುರುವಾಗಿತ್ತು. ನನ್ನ ಕಾದಂಬರಿ ಓದಿದ ಹೆಂಗಸರೆಲ್ಲ ತಂತಮ್ಮ ಅಡುಗೆಮನೆಯ ಪಾತ್ರೆಗಳನ್ನು ತಿರುಗಿಸಿ ನೋಡತೊಡಗಿದರು. ನಿಮಗೆ ಗೊತ್ತಲ್ಲ, ಪಾತ್ರೆ ಅಂಗಡಿಯವನು ಟರ್ ಅಂತ ಸದ್ದು ಮಾಡುವ ಮೆಷಿನ್ ಹಿಡಿದು ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಕೊಡುತ್ತಾನೆ. ಯಾರು ಕೊಟ್ಟರು, ಯಾರಿಗೆ, ಯಾವ ಶುಭಕಾರ್ಯಕ್ಕೆ, ಎಲ್ಲ ಅದರಲ್ಲಿರುತ್ತದೆ. ಒಂದು ರೀತಿಯಲ್ಲಿ ಅದೂ ದಾನಶಾಸನವೇ. ಕಲ್ಲಿನ ಶಾಸನದ ಕೊನೆಯಲ್ಲಿ ಕೊಟ್ಟದ್ದನ್ನು ಅಪಹರಿಸಿದವರಿಗೆ ಶಾಪ ಬರೆದಿರುತ್ತಾರೆ. ಲೋಟದ ತಳದಲ್ಲಿ ಅಷ್ಟು ಜಾಗವಿಲ್ಲ, ಆದ್ದರಿಂದ ಶಾಪವನ್ನು ಮನಸ್ಸಿನಲ್ಲೇ ಹಾಕಿಕೊಳ್ಳುತ್ತಾರೆ. ಪುಟ್ಟಮ್ಮಣ್ಣಿಯ ಮನೆಯಲ್ಲಿ ಮೂರು ಮನೆಯವರ ಪಾತ್ರೆ ಸಿಕ್ಕಿದವು, ಅವರ ಇಡ್ಲಿ ತಟ್ಟೆ ಶಿರಸ್ತೇದಾರರ ಮನೆಯಲ್ಲಿ ಸಿಕ್ಕಿತು. ಪೌತಿ ಖಾತೆ ಬಲ್ಲ ಆ ಮಹರಾಯರು ತಟ್ಟೆ ತಮ್ಮದಾದದ್ದು ಹೇಗೆ ಅಂತ ವಿವರಿಸಲಾರದೆ ಒದ್ದಾಡಿದರು. ಬೀದಿಯಲ್ಲಿ ಹೆಂಗಸರು ಸೆರಗಿನಡಿ ಪಾತ್ರೆ ಹಿಡಿದು ಓಡಾಡುವುದನ್ನು ನೋಡಿ ನಾನು ಸಮಾಜದ ಮೇಲೆ ಸಾಹಿತ್ಯದ ಪರಿಣಾಮ ಅಂತ ಬೀಗುತ್ತಿದ್ದೆ.

ಬೀಗುತ್ತಲೇ ಒಂದು ಬೆಳಿಗ್ಗೆ ನನ್ನ ಸಾರಿನ ಪುಡಿ ಡಬ್ಬಿಯನ್ನು ತೊಳೆದು ಕವುಚಿ ಹಾಕಿದೆ. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಬರೆದಿತ್ತು: ದೇವೀರಮ್ಮ, ಮೂಗೂರು.

ದೇವೀರಮ್ಮ ಮಂಗಳನ ತಾಯಿ.

ಎಲ್ಲ ನೆನಪಾಯಿತು. ಇಪ್ಪತ್ತಾರು ವರ್ಷದ ಹಿಂದೆ, ನನ್ನ ಮಗಳು ಹುಟ್ಟಿದಾಗ, ಮಂಗಳನ ಯಜಮಾನರು ಶಿವನಂಜಪ್ಪನವರು ಆಫೀಸಿನ ಕೆಲಸಕ್ಕೆ ನಂಜನಗೂಡಿಗೆ ಬಂದವರು ಈ ಡಬ್ಬಿಯ ತುಂಬ ಅಂಟಿನುಂಡೆ ತಂದುಕೊಟ್ಟಿದ್ದರು. ಮಂಗಳ ಆಗ ತವರಿಗೆ ಹೋಗಿದ್ದಳಂತೆ, ಉಂಡೆ ಕಟ್ಟಿದವರು ಅವಳ ಅತ್ತೆ. ಉಂಡೆ ಹದಿನೈದು ದಿನದಲ್ಲಿ ಮುಗಿದವು. ಡಬ್ಬಿಯನ್ನು ವಾಪಸು ಕೊಡಬೇಕಲ್ಲ, ಖಾಲಿ ಡಬ್ಬಿ ಕೊಡುವುದುಂಟೇ? ಏನಾದರೂ ಮಾಡಿ ತುಂಬಿ ಕೊಡೋಣ ಅಂತ ಇಟ್ಟುಕೊಂಡೆ. ಯುಗಾದಿಗೆ ಒಬ್ಬಟ್ಟು ಮಾಡಿ ತುಂಬೋಣ ಅಂದುಕೊಂಡೆ, ಕಣಕ ಕೈ ಕೊಟ್ಟಿತು. ದೀಪಾವಳಿಗೆ ಕಜ್ಜಾಯ ಅಂದುಕೊಂಡೆ, ಪಾಕ ಕೆಟ್ಟಿತು. ಮೊದಲು ಅದು ಮಂಗಳನ ಡಬ್ಬಿಯಾಗಿತ್ತು, ಆಮೇಲೆ ಉಂಡೆ ಡಬ್ಬಿಯಾಯಿತು, ಆಮೇಲೆ ಸಾರಿನ ಪುಡಿ ಡಬ್ಬಿಯಾಯಿತು. ಕೊಟ್ಟವರಿಗೆ ಮರ್ಯಾದೆಯಾಗಿ ತುಂಬಿ ಕೊಡಬೇಕು ಅನ್ನುವ ಒಳ್ಳೆಯ ಮನಸ್ಸಿನಿಂದಲೇ ಕದ್ದುಬಿಟ್ಟಿದ್ದೆ.

ಸಾಲದ್ದಕ್ಕೆ, ಕಾದಂಬರಿಯ ಡಬ್ಬಿಯನ್ನು ನಾನು ಊಹಿಸಿ ಬರೆದಿರಲಿಲ್ಲ, ಕಪಾಟಿನಲ್ಲಿ ಕಣ್ಣೆದುರು ಇದ್ದದ್ದನ್ನು ನೋಡಿ ಬರೆದಿದ್ದೆ. ಮುಚ್ಚಳದ ಅಂಚಿನಲ್ಲಿ ನೆಗ್ಗು, ಪಕ್ಕದಲ್ಲಿ ಕತ್ತಿಲ್ಲದಂತೆ ಸವೆದ ನವಿಲು, ಒಂದೂ ಬಿಟ್ಟಿರಲಿಲ್ಲ. ಊರೆಲ್ಲ ಗಿರಿಜನನ್ನು ಹಿಡಿಯುತ್ತಿದ್ದಾಗ ಮಂಗಳ ಲೇಖಕಿಯನ್ನೇ ಹಿಡಿದಿದ್ದಳು.

ಆ ಹೊತ್ತಿಗೇ ರವೆ ಹುರಿದು ಉಂಡೆ ಕಟ್ಟಲು ಕೂತೆ. ಅವಸರಕ್ಕೆ ಉಂಡೆ ನಿಲ್ಲಲಿಲ್ಲ. ಪುಡಿಯನ್ನೇ ಡಬ್ಬಿಗೆ ಒತ್ತಿ ತುಂಬಿ ನರಸೀಪುರದ ಬಸ್ಸು ಹತ್ತಿದೆ. ಬಾಗಿಲು ತೆಗೆದವರು ಶಿವನಂಜಪ್ಪನವರು. ಕಂಡದ್ದೇ ತಡ, "ಕತೆ ಚೆನ್ನಾಗದೆ ಮೇಡಮ್. ಆದ್ರೆ ಆ ಡಬ್ಬಿ ವಿಚಾರ ನಂಬಕ್ಕಾಗಲ್ಲ. ಅಷ್ಟು ವರ್ಷ ಯಾರಾರ ಪಾತ್ರೆ ತಿರುಗ್ಸಿ ನೋಡ್ದೆ ಇರ್ತಾರಾ?" ಅಂದರು. ಡಬ್ಬಿಯನ್ನು ಹೊತ್ತು ತಂದವರೇ ಇವರು! ನಾನು ತಲೆಯಾಡಿಸಿ ಸೀದಾ ಅಡುಗೆಮನೆಗೆ ಹೋಗಿ, ಡಬ್ಬಿಯನ್ನು ಮಂಗಳನ ಮುಂದಿಟ್ಟೆ. ಉಂಡೆಯಿಂದ ಹಿಡಿದು ಕಜ್ಜಾಯದವರೆಗೆ ಎಲ್ಲ ಒಪ್ಪಿಸಿದೆ.

ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿಯ ನವಿಲನ್ನು ಬೆರಳಿನಿಂದ ಸವರುತ್ತಾ ಕೂತಳು. "ನಿನ್ ಮೇಲೆ ಸಿಟ್ಟಿಲ್ಲ ಕಣೆ ಸುಶೀಲ. ನಾನಿನ್ನು ರತ್ನನ ಮಖ ಹೆಂಗೆ ನೋಡ್ಲಿ?"

ರತ್ನ ಅವಳ ನಾದಿನಿ, ಶಿವನಂಜಪ್ಪನವರ ತಂಗಿ, ನಂಜನಗೂಡಿನ ಹತ್ತಿರದ ಹೆಡತಲೆ ಅನ್ನುವ ಊರಿಗೆ ಕೊಟ್ಟ ಹುಡುಗಿ. ಇಪ್ಪತ್ತಾರು ವರ್ಷದ ಹಿಂದೆ ಮಂಗಳ ತವರಿನಿಂದ ಬಂದಾಗ ಡಬ್ಬಿ ಕಾಣೆ, ರತ್ನ ನಾಲ್ಕು ದಿನ ಇದ್ದು ಅವತ್ತು ಬೆಳಿಗ್ಗೆ ತಾನೇ ಹೊರಟುಹೋಗಿದ್ದಳು. ಅತ್ತೆಯನ್ನು ಕೇಳಿದರೆ ಮಗಳ ಮೇಲೆ, ಗಂಡನನ್ನು ಕೇಳಿದರೆ ತಂಗಿಯ ಮೇಲೆ ಕಳವು ಹೊರಿಸಿದಂತಾಗುತ್ತದೆ ಅಂತ ಮಂಗಳ ಯಾರನ್ನೂ ಕೇಳಲಿಲ್ಲ. ಕೇಳದೆಯೇ ತೀರ್ಮಾನ ಮಾಡಿದಳು. ಆಮೇಲೆ ಯಾರದೋ ಸೀಮಂತದಲ್ಲಿ, ಹತ್ತು ಜನರೆದುರು, "ನಮ್ಮವ್ವನ ಡಬ್ಬಿ ನಿಮ್ಮನೇಲೇನಾದ್ರೂ ಅದ್ಯಾ ರತ್ನ?" ಅಂದಿದ್ದಳು. ಅಷ್ಟೇ ಮಾತು. ಅಂದಿನಿಂದ ರತ್ನ ಅಣ್ಣನ ಮನೆಗೆ ಬಂದರೆ ಹಜಾರದಲ್ಲಿ ಕೂರುತ್ತಾಳಂತೆ, ಅಡುಗೆಮನೆಯ ಹೊಸಲು ದಾಟಿಲ್ಲ.

"ನಮ್ಮನೆಯೋರು ಇದಾರಲ್ಲ," ಅಂತ ಮಂಗಳ ಹಜಾರದ ಕಡೆ ಕೈ ತೋರಿಸಿದಳು, "ಓದಿ ಮುಗ್ಸಿ, ಪುಸ್ತಕಾನ ತಂಗಿಗೆ ಕಳ್ಸವ್ರೆ."

ರತ್ನ ಆ ಡಬ್ಬಿ ಸಿಗುವ ಪುಟಕ್ಕೆ ಬರುವುದರೊಳಗೆ ನಾವು ಹೋಗಬೇಕಿತ್ತು. ಮಾರನೆಯ ದಿನವೇ ಮಂಗಳ ನಂಜನಗೂಡಿಗೆ ಬಂದಳು. ನನ್ನ ರವೆ ಪುಡಿಯನ್ನು ಸುರಿದು, ತಾನೇ ಕಟ್ಟಿದ ಉಂಡೆಗಳನ್ನು ಡಬ್ಬಿಗೆ ತುಂಬಿ ತಂದಿದ್ದಳು. ಇಬ್ಬರೂ ಹೆಡತಲೆಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮಂಗಳ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು. ಕಾದಂಬರಿಯಲ್ಲಿ ವಿಮಲನಿಗೆ ಎದೆ ಢವಗುಟ್ಟಿತು ಅಂತ ಐದು ಕಡೆ ಬರೆದಿದ್ದೇನೆ. ಅದು ಹೇಗಿರುತ್ತದೆ ಅಂತ ಆವತ್ತು ತಿಳಿಯಿತು.

ರತ್ನ ಜಗಲಿಯಲ್ಲಿ ಕೂತು ಓದುತ್ತಿದ್ದಳು. ಪುಸ್ತಕದ ನಡುವೆ ಅವರೆಕಾಯಿ ಸಿಪ್ಪೆ ಇಟ್ಟು ಗುರುತು ಮಾಡಿ ಎದ್ದಳು. ಅರ್ಧ ಮುಗಿದಿತ್ತು, ವಿಮಲನ ಡಬ್ಬಿ ಕಾಣೆಯಾಗಿತ್ತು, ಇನ್ನೂ ಸಿಕ್ಕಿರಲಿಲ್ಲ. ನೀರು ಕೊಟ್ಟಳು. ಮಂಗಳ ನೀರು ಕುಡಿಯಲಿಲ್ಲ, ಡಬ್ಬಿಯನ್ನು ಅವಳ ಮುಂದಿಟ್ಟು, "ನೀನು ತಕ್ಕೊಂಡಿರ್ಲಿಲ್ಲ ರತ್ನ. ನಂದು ತಪ್ಪಾಯ್ತು" ಅಂದಳು. ನನ್ನ ಮನೆಯಲ್ಲೇ ಇತ್ತು ಅಂತ ನಾನು ಹೇಳಿದೆ.

ರತ್ನ ಡಬ್ಬಿಯನ್ನು ಎತ್ತಿ ತಳ ನೋಡಿದಳು. ಸೆರಗಿನಿಂದ ಒರೆಸಿ ಹೆಸರು ಓದಿದಳು. ತುಂಬ ಹೊತ್ತು ಓದಿದಳು. ಇರುವುದು ಎರಡೇ ಪದ.

"ನನ್ ಮಗಳ ಮದ್ವೇಲಿ ಮನೆ ಪಾತ್ರೆನೆಲ್ಲ ಇಳಿಸ್ದಾಗ ಒಂದೊಂದ್ನೂ ತಿರುಗ್ಸಿ ನೋಡ್ದೆ ಅತ್ತಿಗೆ," ಅಂದಳು. "ನಿಮ್ ಡಬ್ಬಿ ಎಲ್ಲಾದ್ರೂ ಬೆರ್ತು ಬಂದ್ಬುಟ್ಟದೇನೋ ಅಂತ. ನಂಗೇ ನನ್ ಮೇಲೆ ಅನ್ಮಾನ ಬಂದ್ಬುಟ್ಟಿತ್ತು."

ಮಂಗಳ ಅತ್ತಳು. ಅವಳು ಅಳುವುದನ್ನು ನೋಡಿ ನಾನೂ ಅತ್ತೆ. ರತ್ನ ಮಾತ್ರ ಅಳಲಿಲ್ಲ, ನನ್ನ ಕಡೆ ತಿರುಗಿ, "ಅಂಗಾದ್ರೆ ಕತೇಲಿ ಡಬ್ಬಿ ಗೆಳತಿ ಮನೇಲೇ ಇರೋದು ಅನ್ನಿ. ಹೇಳ್ಬುಟ್ರಲ್ಲ ಮೇಡಮ್, ಇನ್ನೂ ಅರ್ಧ ಇತ್ತು" ಅಂದಳು. ನಾನು ಕಂಡ ಓದುಗರಲ್ಲಿ ಕೊನೆಯವರೆಗೂ ಗುಟ್ಟು ತಿಳಿಯದೆ ಓದಬೇಕು ಅಂತ ಆಸೆಪಟ್ಟವಳು ಅವಳೊಬ್ಬಳೇ, ಅವಳಿಗೂ ನಾನೇ ಕೆಡಿಸಿದೆ.

ಅನ್ನ, ಸಾರು ಬಡಿಸಿದಳು. ಮಂಗಳನನ್ನು ತಾನೇ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಊಟ ಮುಗಿದು ನಾವು ಹೊರಡುವಾಗ ಮಂಗಳ ಡಬ್ಬಿಯ ಕಡೆ ನೋಡಿದಳು. ರತ್ನ ಅದನ್ನು ಎತ್ತಿ, ಉಂಡೆಯ ಸಮೇತ ತನ್ನ ಕಪಾಟಿನ ಮೇಲಿನ ಹಲಗೆಯಲ್ಲಿ ಎದ್ದು ಕಾಣುವಂತೆ ಇಟ್ಟಳು.

"ಎಂಗೂ ಇಪ್ಪತ್ತಾರ್ ವರ್ಷ ಕದ್ದೋಳು ಅನ್ನಿಸ್ಕಂಡಿದೀನಿ ಅತ್ತಿಗೆ," ಅಂದಳು. "ಒಸಿ ದಿನ ಇಲ್ಲೇ ಇರ್ಲಿ."

ಮಂಗಳ ಬರಿಗೈಯಲ್ಲೇ ಹೊರಟಳು. ಆದರೆ ಬಸ್ಸಿನಲ್ಲಿ ಕೂತ ಮೇಲೆ ಅವಳ ಮುಖ ಹಾಸ್ಟೆಲಿನ ದಿನಗಳಲ್ಲಿದ್ದಷ್ಟು ಹಗುರವಾಗಿತ್ತು. ಭಾನುವಾರ ಫೋನ್ ಮಾಡುತ್ತೀಯಲ್ಲ ಅಂತ ನಾನು ಕೇಳಲಿಲ್ಲ, ಅವಳೇ, "ಈ ಭಾನುವಾರ ಒಂದ್ಗಂಟೆ ಬೈಯೋದದೆ, ತಿಂಡಿ ಬೇಗ ಮುಗ್ಸಿರು" ಅಂದಳು. ಸ್ವಲ್ಪ ದೂರ ಬಂದ ಮೇಲೆ, ಅವ್ವನ ಡಬ್ಬಿ ಹೋಯಿತಲ್ಲ ಅಂತ ನಾನೇ ಮೆಲ್ಲಗೆ ಎತ್ತಿದೆ.

"ಕೊಡ್ತಾಳೆ ಬಿಡು," ಅಂದಳು ಮಂಗಳ. "ಆದ್ರೆ ಖಾಲಿ ಡಬ್ಬಿ ಕೊಡಕ್ಕಾಗುತ್ತಾ? ಏನಾರ ಮಾಡಿ ತುಂಬ್ಬೇಕಲ್ಲ."

ನಾನು ಕಿಟಕಿಯ ಕಡೆ ತಿರುಗಿದೆ. ಡಬ್ಬಿ ತುಂಬಿ ಕೊಡಲು ಎಷ್ಟು ಕಾಲ ಹಿಡಿಯುತ್ತದೆ ಅನ್ನುವುದು ಆ ಬಸ್ಸಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.