ದೊಡ್ಡಪ್ಪನ ಸರ್ಕಾರಿ ಕಣ್ಣು

ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಉಳಿ, ಬಾಚಿ, ಗರಗಸಗಳ ನಡುವೆಯೇ ಬದುಕಿದರೂ ಅವುಗಳಿಂದ ಒಂದು ದೊಡ್ಡ ಗಾಯವೂ ಆಗಿರಲಿಲ್ಲ. ಅವರ ಬಲಗಣ್ಣು ಹೋದದ್ದು ಕೊಡೆಯಿಂದ. ದೊಡ್ಡಮ್ಮನ ತಮ್ಮ ಹೊಸ ಕೊಡೆ ತಂದಿದ್ದ. ಗುಂಡಿ ಒತ್ತಿದರೆ ತಾನೇ ಬಿಚ್ಚಿಕೊಳ್ಳುವಂಥದ್ದು. "ಭಾವ, ಇಲ್ಲಿ ನೋಡಿ" ಎಂದು ಕರೆದ. ದೊಡ್ಡಪ್ಪ ನೋಡಿದರು. ಬಲಗಣ್ಣು ಕಂಡ ಕೊನೆಯ ವಸ್ತು ಅದೇ.

ಗಾಯ ಮಾಗಿದ ಮೇಲೆ ಕನ್ನಡಕದ ಅಂಗಡಿಗೆ ಹೋಗಿ ಗಾಜಿನ ಕಣ್ಣಿಗೆ ಅಳತೆ ಕೊಟ್ಟು ಬಂದರು. ಎರಡು ತಿಂಗಳು ಕಾದ ಮೇಲೆ ಅಂಗಡಿಗೆ ಹತ್ತಿಯಲ್ಲಿ ಸುತ್ತಿದ ಪೊಟ್ಟಣ ಬಂತು. ಬಿಚ್ಚಿದರೆ ಒಳಗಿದ್ದದ್ದು ಎಡಗಣ್ಣು.

"ನನ್ನ ಎಡಗಣ್ಣು ಚೆನ್ನಾಗೇ ಇದೆಯಲ್ಲಪ್ಪ" ಎಂದರು ದೊಡ್ಡಪ್ಪ.

"ವಾಪಸ್ ಕಳಿಸಿದ್ರೆ ಇನ್ನೊಂದು ಬರೋಕೆ ಒಂದು ವರ್ಷ ಆಗುತ್ತೆ ಯಜಮಾನ್ರೇ" ಎಂದ ಅಂಗಡಿಯವನು. "ಅಲ್ಲೀವರೆಗೆ ಇದನ್ನೇ ಹಾಕ್ಕೊಂಡಿರಿ. ಗಾಜಿಗೆ ಎಡ ಯಾವುದು ಬಲ ಯಾವುದು ಅಂತ ಏನು ಗೊತ್ತಾಗುತ್ತೆ?"

ಗಾಜಿಗೆ ಗೊತ್ತಾಗಲಿಲ್ಲ; ಎದುರಿಗೆ ಕೂತವರಿಗೆ ಗೊತ್ತಾಯಿತು. ಎಷ್ಟು ತಿರುಗಿಸಿ ಕೂರಿಸಿದರೂ ಆ ಕಣ್ಣು ಮೇಲಕ್ಕೇ ನೋಡುತ್ತಿತ್ತು. ದೊಡ್ಡಪ್ಪನ ಜೊತೆ ಮಾತಾಡುವವರು ಎರಡು ಮಾತಿಗೊಮ್ಮೆ ಕತ್ತೆತ್ತಿ ಛಾವಣಿ ನೋಡುತ್ತಿದ್ದರು. ಅಲ್ಲಿ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಮಾತು ಮುಂದುವರಿಯುತ್ತಿತ್ತು.

ಒಂದೇ ಕಣ್ಣಿಗೆ ದೂರ ಹತ್ತಿರಗಳ ಅಂದಾಜು ಸರಿಯಾಗಿ ಸಿಗುವುದಿಲ್ಲ. ದೊಡ್ಡಪ್ಪ ಕಾಫಿ ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಸುತ್ತಿಗೆ ಎತ್ತಿದರೆ ಮೊಳೆ ಉಳಿಯುತ್ತಿತ್ತು, ಹೆಬ್ಬೆರಳು ಜಜ್ಜುತ್ತಿತ್ತು. ಪಾತ್ರೆಯ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿ ಬಗ್ಗಿಸುವುದನ್ನು ದೊಡ್ಡಮ್ಮ ಕಲಿಸಿದರು. ಮೊಳೆಗೆ ಮಾತ್ರ ಅಂಥ ಉಪಾಯ ಸಿಗಲಿಲ್ಲ. ಅವರು ಕೆಲಸ ಮಾಡುತ್ತಿದ್ದ ಮರದ ಕಾರ್ಖಾನೆಯ ಮಾಲೀಕ ಬಲು ಮರ್ಯಾದೆಯಿಂದ "ಸ್ವಲ್ಪ ದಿನ ಮನೇಲಿ ಸುಧಾರಿಸ್ಕೊಳ್ಳಿ" ಎಂದ. ಆ ಸ್ವಲ್ಪ ದಿನ ಮುಗಿಯುವ ಲಕ್ಷಣ ಕಾಣದಿದ್ದಾಗ ದೊಡ್ಡಪ್ಪ ಕಟ್ಟಡ ಇಲಾಖೆಯಲ್ಲಿ ಖಾಲಿಯಿದ್ದ ಕಾವಲುಗಾರನ ಕೆಲಸಕ್ಕೆ ಅರ್ಜಿ ಹಾಕಿದರು.

ಸಂದರ್ಶನಕ್ಕೆ ಮೂವರು ಅಧಿಕಾರಿಗಳು ಕೂತಿದ್ದರು. ನಡುವೆ ಕೂತಿದ್ದ ಮುಖ್ಯ ಎಂಜಿನಿಯರು ಹೆಸರು ಕೇಳಿ ಛಾವಣಿ ನೋಡಿದರು. ವಯಸ್ಸು ಕೇಳಿ ಮತ್ತೆ ನೋಡಿದರು. ಮೂರನೆಯ ಸಲ ನೋಡಿದವರು ಕತ್ತು ಇಳಿಸಲೇ ಇಲ್ಲ.

"ಅಲ್ಲೊಂದು ಬಿರುಕಿದೆ" ಎಂದರು.

"ಬೆಳಗ್ಗೆ ಇರ್ಲಿಲ್ಲ ಸಾರ್" ಎಂದರು ಪಕ್ಕದವರು.

ಮೂವರೂ ಕುರ್ಚಿ ಬಿಟ್ಟು ಬಾಗಿಲಿಗೆ ಓಡಿದರು. ದೊಡ್ಡಪ್ಪನೂ ಹಿಂದೆಯೇ ಓಡಿದರು. ಗಾರೆಯ ದೊಡ್ಡ ಹೆಂಟೆಯೊಂದು ಮೇಜಿನ ಮೇಲೆ, ಸರಿಯಾಗಿ ಅವರ ಅರ್ಜಿಯ ಮೇಲೆಯೇ ಬಿತ್ತು.

ಧೂಳು ಇಳಿದ ಮೇಲೆ ಎಂಜಿನಿಯರು ದೊಡ್ಡಪ್ಪನ ಎರಡೂ ಕೈ ಹಿಡಿದುಕೊಂಡರು. "ಬಂದಾಗಿನಿಂದ ಅದನ್ನೇ ನೋಡ್ತಿದ್ರಿ. ಬಾಯಿಬಿಟ್ಟು ಹೇಳಬಾರದಾ?"

"ಸಾರ್, ಅದು ಗಾಜಿನ ಕಣ್ಣು. ಅದಕ್ಕೆ ಏನೂ ಕಾಣಲ್ಲ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಷ್ಟೆ."

"ದೊಡ್ಡ ಮನುಷ್ಯರು ಹೀಗೇ ಮಾತಾಡೋದು" ಎಂದರು ಎಂಜಿನಿಯರು. ಕಾವಲುಗಾರನ ಕೆಲಸ ಬೇರೆಯವರಿಗೆ ಹೋಯಿತು. ದೊಡ್ಡಪ್ಪನಿಗಾಗಿ 'ಛಾವಣಿ ಪರಿವೀಕ್ಷಕ' ಎಂಬ ಹೊಸ ಹುದ್ದೆ ಹುಟ್ಟಿತು.

ಅವರು ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು. ಏಣಿ ಹತ್ತುವರು, ತೊಲೆಗೆ ಕಿವಿ ಹಚ್ಚುವರು, ಬೆರಳ ಗೆಣ್ಣಿನಿಂದ ಕುಟ್ಟುವರು. ಗಟ್ಟಿ ಮರ ಒಂದು ಸ್ವರದಲ್ಲಿ ಮಾತಾಡಿದರೆ, ಗೆದ್ದಲು ತಿಂದು ಟೊಳ್ಳಾದದ್ದು ಇನ್ನೊಂದು ಸ್ವರದಲ್ಲಿ. ಮೂವತ್ತು ವರ್ಷದ ಒಡನಾಟದಿಂದ ಬಂದ ವಿದ್ಯೆ ಅದು. ಆದರೆ ಅವರು ಕುಟ್ಟುವುದನ್ನು ಯಾರೂ ಗಮನಿಸುತ್ತಿರಲಿಲ್ಲ. ಎಲ್ಲರೂ ಕೆಳಗೆ ನಿಂತು ಗಾಜಿನ ಕಣ್ಣು ಯಾವ ಕಡೆಗಿದೆಯೆಂದು ನೋಡಿ, ಅತ್ತ ಕೂತಿದ್ದವರನ್ನು ಎಬ್ಬಿಸುತ್ತಿದ್ದರು.

"ದುಡಿಯೋದು ಕಿವಿ, ಹೆಸರು ಬರೋದು ಕಣ್ಣಿಗೆ, ಅದೂ ಕುರುಡುಗಣ್ಣಿಗೆ" ಎಂದು ಮನೆಯಲ್ಲಿ ಗೊಣಗುತ್ತಿದ್ದರು.

ಒಂದು ವರ್ಷಕ್ಕೆ ಸರಿಯಾದ ಬಲಗಣ್ಣು ಬಂತು. ಎಷ್ಟು ಚೆನ್ನಾಗಿ ಕೂತಿತೆಂದರೆ ದೊಡ್ಡಮ್ಮ ಕೈಲಿದ್ದ ಕೆಲಸ ಬಿಟ್ಟು ಎದುರಿಗೆ ಬಂದು ನಿಂತರು. "ಎಷ್ಟು ದಿನ ಆಯ್ತು ನೀವು ಹೀಗೆ ನೆಟ್ಟಗೆ ನನ್ನ ನೋಡಿ" ಎಂದು ಕಣ್ಣೊರೆಸಿಕೊಂಡರು. ದೊಡ್ಡಪ್ಪ ಖುಷಿಯಿಂದ ಅದನ್ನೇ ಹಾಕಿಕೊಂಡು ಕಚೇರಿಗೆ ಹೋದರು. ಮಧ್ಯಾಹ್ನದೊಳಗೆ ಕೈಗೆ ಮೆಮೋ ಬಂತು: ಪರಿವೀಕ್ಷಕರು ಇಲಾಖೆಯ ಕೆಲಸಕ್ಕೆ ಬಳಸುತ್ತಿದ್ದ ಉಪಕರಣವನ್ನು ಪೂರ್ವಾನುಮತಿಯಿಲ್ಲದೆ ಬದಲಾಯಿಸಿದ್ದಾರೆ.

ಹಳೆಯ ಕಣ್ಣಿಗೆ ದಾಸ್ತಾನು ಪುಸ್ತಕದಲ್ಲಿ ಒಂದು ಸಂಖ್ಯೆ ಬಿತ್ತು. ಅಳತೆ ಟೇಪಿಗೂ ಏಣಿಗೂ ನಡುವಿನ ಸಾಲಿನಲ್ಲಿ ಅದರ ಹೆಸರು. ಇಲಾಖೆಯ ಸಾಮಾನು ಮನೆಗೆ ಒಯ್ಯುವಂತಿಲ್ಲವಾದ್ದರಿಂದ, ಬೆಳಿಗ್ಗೆ ಸಹಿ ಹಾಕಿ ಕಣ್ಣು ತೆಗೆದುಕೊಳ್ಳಬೇಕು, ಸಂಜೆ ಸಹಿ ಹಾಕಿ ಉಗ್ರಾಣದ ಬೀರುವಿನಲ್ಲಿಡಬೇಕು. ದೊಡ್ಡಪ್ಪ ಮನೆಯಲ್ಲಿ ನೆಟ್ಟಗೆ ನೋಡುತ್ತಿದ್ದರು, ಕಚೇರಿಯಲ್ಲಿ ಮೇಲಕ್ಕೆ.

ಹೀಗೆ ನಾಲ್ಕು ವರ್ಷ ಕಳೆಯಿತು. ಒಂದು ದಿನ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಫೋನು ಮಾಡಿದರು. ಪ್ರಾರ್ಥನೆಯ ಸಭಾಂಗಣದಲ್ಲಿ ಮೇಲಿನಿಂದ ಸಣ್ಣಗೆ ಪುಡಿ ಉದುರುತ್ತಿದೆ, ತಕ್ಷಣ ಬರಬೇಕು ಎಂದು. ಉಗ್ರಾಣದ ಗುಮಾಸ್ತ ಬೀರುವಿನ ಕೀಲಿ ಜೇಬಿನಲ್ಲಿಟ್ಟುಕೊಂಡೇ ರಜೆಯ ಮೇಲೆ ಹೋಗಿದ್ದ. "ಉಪಕರಣ ಇಲ್ಲದೆ ಹೋಗೋ ಹಾಗಿಲ್ಲ" ಎಂದರು ಎಂಜಿನಿಯರು. ದೊಡ್ಡಪ್ಪ ಹೂಂ ಎಂದು ತಲೆಯಾಡಿಸಿ, ಸೈಕಲ್ಲು ಹತ್ತಿ ಶಾಲೆಗೇ ಹೋದರು.

ನಡುತೊಲೆಯನ್ನು ಕುಟ್ಟಿದರು. ಮತ್ತೆ ಕುಟ್ಟಿದರು. ಸರಸರನೆ ಏಣಿ ಇಳಿದರು.

"ಮಕ್ಕಳನ್ನ ಹೊರಗೆ ಕಳಿಸಿ ಮೇಡಂ. ಈಗಲೇ."

ಆಕೆ ಅವರ ಮುಖವನ್ನೇ ದಿಟ್ಟಿಸಿದರು. "ನಿಮ್ಮ ಆ ಕಣ್ಣು ಎಲ್ಲಿ?"

"ಬೀರುವಲ್ಲಿದೆ. ಅದಕ್ಕೆ ಏನೂ ಗೊತ್ತಿಲ್ಲ ಮೇಡಂ, ಯಾವತ್ತೂ ಗೊತ್ತಿರಲಿಲ್ಲ. ನಾನು ಬಡಗಿ. ತೊಲೆ ಒಳಗೆ ಪೂರ್ತಿ ಟೊಳ್ಳಾಗಿದೆ. ನನ್ನ ಮಾತು ನಂಬಿ."

ಅವರು ನಮಗೆ ಹೇಳಿದ ಪ್ರಕಾರ, ಆಗ ಅವರಿಗಿದ್ದದ್ದು ತೊಲೆಯ ಭಯವಲ್ಲ. ಆಕೆ ಏನನ್ನುವರೋ ಎಂಬ ಭಯ.

"ಬೀರುವಿನಲ್ಲಿರೋ ಕಣ್ಣು ಕಟ್ಕೊಂಡು ನನಗೇನಾಗಬೇಕು?" ಎಂದ ಆಕೆ ಗಂಟೆ ಹೊಡೆಸಿದರು. ಐದು ನಿಮಿಷದಲ್ಲಿ ಸಭಾಂಗಣ ಖಾಲಿಯಾಗಿ ಬೀಗ ಬಿತ್ತು.

ಛಾವಣಿ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಹುಡುಗಿಯರು ಅಂಗಳದಲ್ಲಿ ಬಿಸಿಲಿಗೆ ಕೂತು ಲೆಕ್ಕ ಮಾಡಿದರು. ಪೋಷಕರು ದೂರು ಬರೆದರು. ಉಪಕರಣವಿಲ್ಲದೆ ಪರಿವೀಕ್ಷಣೆ ಮಾಡಿದ್ದಕ್ಕೆ ದೊಡ್ಡಪ್ಪ ಅಮಾನತಾದರು. ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ, ಶಾಲೆಯ ಎದುರಿನ ಜಗುಲಿಯಲ್ಲಿ ಕೂತು, ಇದ್ದ ಒಂದು ಕಣ್ಣಿಗೇ ಎಣ್ಣೆ ಬಿಟ್ಟುಕೊಂಡು ಆ ಸಭಾಂಗಣವನ್ನು ಕಾಯುತ್ತಿದ್ದರು. "ಬೀಳ್ಲಿ ಅಂತ ಕೂತಿದೀರೋ, ಬೀಳದೆ ಇರ್ಲಿ ಅಂತಲೋ?" ಎಂದು ದೊಡ್ಡಮ್ಮ ಕೇಳಿದರೆ ಬುತ್ತಿಯ ಗಂಟು ಎತ್ತಿಕೊಂಡು ಹೊರಡುತ್ತಿದ್ದರು.

ಹತ್ತನೆಯ ದಿನ ತನಿಖಾ ಸಮಿತಿ ಬಂತು. ಬೀಗ ತೆಗೆಸಿ, ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿ, ಅಂಗಳದಲ್ಲಿ ಮೇಜು ಹಾಕಿಸಿಕೊಂಡು 'ಕಟ್ಟಡ ಸುಭದ್ರವಾಗಿದೆ' ಎಂದು ಬರೆಯಿತು. ಎಂಜಿನಿಯರು ಸಹಿ ಹಾಕಿ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. ಅಷ್ಟರಲ್ಲಿ ಸಭಾಂಗಣದ ಛಾವಣಿ ಇಡಿಯಾಗಿ ಕೆಳಗೆ ಬಂತು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ದೊಡ್ಡಪ್ಪ ಜಗುಲಿಯ ಮೇಲೆ ಕೂತಲ್ಲೇ ಮುಖ ಮುಚ್ಚಿಕೊಂಡು ಅತ್ತರು.

ಅಮಾನತು ರದ್ದಾಯಿತು. ಸಮಿತಿ ಎರಡನೆಯ ವರದಿ ಬರೆಯಿತು: ಬೀರು ತೆಗೆಸಿ ನೋಡಿದಾಗ, ಒಳಗಿದ್ದ ಉಪಕರಣವು ಶಾಲೆಯ ದಿಕ್ಕಿಗೇ ಮುಖ ಮಾಡಿದ್ದದ್ದು ಕಂಡುಬಂದಿದೆ. ಆದ್ದರಿಂದ ಪರಿವೀಕ್ಷಣೆ ನಿಯಮಬದ್ಧವಾಗಿಯೇ ನಡೆದಿದೆ.

ದೊಡ್ಡಪ್ಪ ಅದನ್ನು ಎರಡು ಸಲ ಓದಿದರು. ಆಮೇಲೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಉಸಿರು ಕಟ್ಟುವ ತನಕ ನಕ್ಕರು. "ಆ ಕಣ್ಣನ್ನೇ ಕೆಲಸಕ್ಕೆ ಇಟ್ಕೊಳ್ಳಿ ಸಾರ್" ಎಂದು ರಾಜೀನಾಮೆ ಕೊಟ್ಟು ಬಂದರು. ಇಲಾಖೆ ಅದನ್ನೇ ಇಟ್ಟುಕೊಂಡಿತು.

ಮುಂದಿನ ವಾರ ಮುಖ್ಯೋಪಾಧ್ಯಾಯಿನಿ ಮನೆಗೇ ಬಂದರು. "ಆ ಕುಟ್ಟೋ ವಿದ್ಯೆ ನಮ್ಮ ಹುಡುಗೀರಿಗೆ ಹೇಳ್ಕೊಡ್ತೀರಾ? ವಾರಕ್ಕೊಂದು ಗಂಟೆ."

ದೊಡ್ಡಪ್ಪ ಒಪ್ಪಿಕೊಂಡರು. ಇಪ್ಪತ್ತು ಹುಡುಗಿಯರು ಕಣ್ಣು ಮುಚ್ಚಿ ಬೆಂಚು, ಬಾಗಿಲು, ಕಿಟಕಿಯ ಚೌಕಟ್ಟು ಕುಟ್ಟುತ್ತಿದ್ದರು. "ಏನು ಹೇಳ್ತಿದೆ? ಅವಸರ ಬೇಡ, ಕೇಳಿಸ್ಕೋ ತಾಯಿ" ಎಂದು ದೊಡ್ಡಪ್ಪ ಒಬ್ಬೊಬ್ಬಳ ಬಳಿ ಬಗ್ಗಿ ಕೇಳುತ್ತಿದ್ದರು. ಪಕ್ಕದ ತರಗತಿಯ ಮೇಡಂ ತಲೆನೋವೆಂದು ದೂರು ಕೊಟ್ಟರು. ಆಕೆಯ ಮೇಜಿನ ಎಡಗಾಲು ಟೊಳ್ಳಾಗಿದೆಯೆಂದು ಹುಡುಗಿಯರು ಅದೇ ದಿನ ಕಂಡುಹಿಡಿದರು.